ಮಲ್ಲಿಗೆ ಗಿಡಕ್ಕೆ ಮುಳ್ಳುಂಟಾ?

ಕೊರೊನಾ ಬರುವುದಕ್ಕೆ ಹಿಂದಿನ ವರ್ಷದ ತೆನೆ ಹಬ್ಬ, ಚರ್ಚಿನಲ್ಲಿ ಹೊಸ ಭತ್ತದ ತೆನೆ ಹಂಚುವ ನಮ್ಮ ಸೆಪ್ಟೆಂಬರಿನ ಹಬ್ಬ. ನಾನಾಗ ಎರಡನೇ ಪಿಯುಸಿಯಲ್ಲಿದ್ದೆ. ನಮ್ಮ ಮನೆ ಕಾಪು ತಾಲ್ಲೂಕಿನ ಶಂಕರಪುರದ ಹತ್ತಿರ. ಇಲ್ಲಿ ಅಂಗಳವಿದ್ದವರ ಮನೆಯಲ್ಲೆಲ್ಲ ಮಲ್ಲಿಗೆ ಗಿಡಗಳಿರುತ್ತವೆ. ನನಗೆ ಎಂಟು ವರ್ಷವಾಗಿದ್ದಾಗ ಡ್ಯಾಡಿ ತೀರಿಕೊಂಡರು. ಆಮೇಲೆ ಮಮ್ಮಿ ನನ್ನನ್ನು ಸಾಕಿದ್ದು ಆ ಗಿಡಗಳಿಂದಲೇ.

ಮಮ್ಮಿಯ ಅಣ್ಣ, ಅಂದರೆ ನಮ್ಮ ಮಾಮ, ದುಬೈಯಿಂದ ಹಬ್ಬಕ್ಕೆಂದು ಬಂದಿದ್ದರು. ಹತ್ತನೇ ತರಗತಿಯ ನನ್ನ ಅಂಕ ನೋಡಿದ ದಿನದಿಂದ ಅವರ ತಲೆಯಲ್ಲಿ ಒಂದೇ ಹುಳ. "ಈ ಹುಡುಗಿ ಇಲ್ಲೇ ಕೊಳೆಯಬೇಕಾ? ಅಮೆರಿಕದ ದೊಡ್ಡ ದೊಡ್ಡ ಯೂನಿವರ್ಸಿಟಿಯವರು ಇಂಥವರನ್ನು ಸ್ಕಾಲರ್‌ಶಿಪ್ ಕೊಟ್ಟು ಕರೀತಾರೆ, ಗೊತ್ತುಂಟಾ?" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಮಣಿಪಾಲದಲ್ಲಿ ಇಂಥ ಅರ್ಜಿಗಳನ್ನು ತಯಾರು ಮಾಡಿಸುವ ಒಬ್ಬ ಸರ್ ಬಳಿ ನನ್ನನ್ನು ಸೇರಿಸಿಯೂ ಬಿಟ್ಟರು. ನನಗೆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಯೂನಿವರ್ಸಿಟಿಗಳ ಕಲ್ಲಿನ ಕಟ್ಟಡಗಳ ಚಿತ್ರಗಳನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೆನೋ.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಉಂಟು. ಪರೀಕ್ಷೆ ಪಾಸಾದರೆ, ಕಾಯಿಲೆ ವಾಸಿಯಾದರೆ, ಮನೆಯವರು ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಫಾದರ್ ಅದನ್ನು ಪೂಜೆಯ ಹೊತ್ತಿನಲ್ಲಿ ಓದಿ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಹಬ್ಬದ ದಿನ ಇಡೀ ಊರು ಸೇರಿತ್ತು. ಇದ್ದಕ್ಕಿದ್ದಂತೆ ಫಾದರ್ ನನ್ನ ಹೆಸರು ಓದಿದರು. ಅಮೆರಿಕದ ದೊಡ್ಡ ಯೂನಿವರ್ಸಿಟಿಯಲ್ಲಿ ಓದುವ ಅವಕಾಶಕ್ಕಾಗಿ ಕೃತಜ್ಞತೆ! ಅರ್ಜಿಯ ಮೊದಲ ಪುಟವನ್ನೂ ಆಗ ಪೂರ್ತಿ ತುಂಬಿರಲಿಲ್ಲ.

"ಎಂತ ಮಮ್ಮಿ ಇದು? ಕೂಸು ಹುಟ್ಟುವ ಮೊದಲೇ ಕುಲಾವಿ!" ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ದೇವರಿಗೆ ಮೊದಲೇ ಥ್ಯಾಂಕ್ಸ್ ಹೇಳಿದ್ರೆ ಅವರಿಗೂ ಕೊಡದೆ ಇರ್ಲಿಕ್ಕೆ ನಾಚಿಕೆ ಆಗ್ತದೆ ಪುತಾ," ಎಂದಳು ಮಮ್ಮಿ. ಅಷ್ಟರಲ್ಲಿ ಜನ ಸುತ್ತುವರಿದು ನನ್ನ ಕೈಕುಲುಕಲು ಸುರುಮಾಡಿದ್ದರು. ಮಮ್ಮಿಯ ಮುಖದಲ್ಲಿ ಅಂಥ ಕಳೆ ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಇನ್ನು ನಾನು ಹಿಂದೆ ಸರಿದರೆ ಈ ಮುಖ ಏನಾದೀತು ಎಂದು ಹೆದರಿಕೆಯಾಯಿತು.

ಅರ್ಜಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಬದುಕಿನ ಬಗ್ಗೆ ಒಂದು ಪ್ರಬಂಧ. ನಾನು ಬರೆದದ್ದು ಜಗಲಿಯ ಬಗ್ಗೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಮಮ್ಮಿ ಮತ್ತು ಪಕ್ಕದ ಮನೆಯ ಸುಂದರಿ ಅಕ್ಕ ಬಾಳೆನಾರಿನಲ್ಲಿ ಹೂ ಕಟ್ಟುತ್ತ ಊರಿನವರನ್ನೆಲ್ಲ ತಮಾಷೆ ಮಾಡುವುದು, ಕಟ್ಟಿದ ಹೂ ಕೊಂಡೊಯ್ಯುವ ಬೈಕ್ ಬರುವ ಹೊತ್ತಾದಾಗ ಅವರ ಬೆರಳುಗಳು ಓಡುವುದು. ಎರಡು ವರ್ಷದಿಂದ ನಮ್ಮ ಗಿಡಗಳ ಎಲೆ ಯಾಕೋ ಹಳದಿಯಾಗುತ್ತಿದೆ, ಕಾರಣ ತಿಳಿಯಬೇಕು ಎಂದೂ ಬರೆದಿದ್ದೆ.

ಮಣಿಪಾಲದ ಸರ್ ಅದನ್ನು ಓದಿ ತಲೆಯಾಡಿಸಿದರು. "ಇದರಲ್ಲಿ ಕಷ್ಟವೇ ಇಲ್ಲ. ತಂದೆ ಇಲ್ಲ, ತಾಯಿ ಹೂ ಕಟ್ತಾರೆ. ಇಷ್ಟು ಒಳ್ಳೆಯ ಕತೆ ಕೈಯಲ್ಲಿಟ್ಟುಕೊಂಡು ತಮಾಷೆ ಬರೀತೀಯಲ್ಲ!" ಎಂದು ಅವರೇ ಹೊಸದಾಗಿ ಬರೆದುಕೊಟ್ಟರು. ನಾನು ಓದಿ, "ಚೆನ್ನಾಗಿದೆ ಸರ್" ಎಂದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಹೇಳಿದೆ.

ಅರ್ಜಿ ಕಳುಹಿಸಲು ಎರಡು ದಿನ ಉಳಿದಿತ್ತು. ಬೆಳಿಗ್ಗೆ ಜಗಲಿಯಲ್ಲಿ ಇಬ್ಬರೂ ಹೂ ಕಟ್ಟುತ್ತಿದ್ದರು. "ನನ್ನ ವಿಷಯ ಬರೆದದ್ದಂತಲ್ಲ, ಓದು ನೋಡುವ," ಎಂದಳು ಮಮ್ಮಿ. ನಾನು ಇಂಗ್ಲಿಷಿನಲ್ಲಿದ್ದುದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ಮಲ್ಲಿಗೆಯ ಮುಳ್ಳು ಚುಚ್ಚಿ ನನ್ನ ತಾಯಿಯ ಬೆರಳುಗಳಿಂದ ರಕ್ತ ಸುರಿಯುತ್ತಿತ್ತು ಎಂಬಲ್ಲಿಗೆ ಬಂದೆ.

ಸುಂದರಿ ಅಕ್ಕ ತಲೆ ಎತ್ತಿದರು. "ಮಲ್ಲಿಗೆ ಗಿಡಕ್ಕೆ ಮುಳ್ಳುಂಟಾ ಮಾರಾಯ್ತಿ? ಅದು ಯಾವಾಗ ಬಂದದ್ದು?"

ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮಮ್ಮಿಗೆ ಕಣ್ಣಲ್ಲಿ ನೀರು ಬಂತು. "ಆಯ್ತು, ಮುಂದೆ ಓದು," ಎಂದಳು. ಮುಂದಿನ ಸಾಲು ಹೀಗಿತ್ತು: ತಂದೆ ಸತ್ತ ಮೇಲೆ ನನ್ನ ತಾಯಿ ದಿನಾ ಅಳುತ್ತ ಹೂ ಕಟ್ಟುತ್ತಿದ್ದಳು, ಅವಳ ಕಣ್ಣೀರು ಹೂವಿನ ಮೇಲೆ ಬೀಳುತ್ತಿತ್ತು.

ಮಮ್ಮಿಯ ಕೈ ನಿಂತಿತು. ಜ್ವರ ಬಂದಾಗಲೂ ಹೂವಿನ ಮುಂದೆ ನಿಲ್ಲದ ಕೈ ಅದು.

"ನಾನು ಯಾವಾಗ ಅತ್ತದ್ದು?" ಎಂದಳು ಮೆಲ್ಲಗೆ. "ನಿನ್ನ ಮುಂದೆ ಒಂದು ದಿನ ಅತ್ತಿದ್ದೇನಾ? ನೀನು ಹೆದರಬಾರದು ಅಂತ ಎಷ್ಟು ಕಷ್ಟಪಟ್ಟು ನಗ್ತಿದ್ದೆ, ನಿನಗೆ ಗೊತ್ತುಂಟಾ ಪುತಾ? ಅದೆಲ್ಲ ಇದರಲ್ಲಿ ಇಲ್ವಾ?"

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು. ಒಂಬತ್ತು ವರ್ಷ ಅವಳು ಕಾಪಾಡಿಕೊಂಡು ಬಂದ ನಗುವನ್ನು ನಾನು ಒಂದು ಸೀಟಿಗಾಗಿ ಅಳಿಸಿಹಾಕಲು ಹೊರಟಿದ್ದೆ. ನನ್ನದೇ ಪ್ರಬಂಧವನ್ನು ಕಳುಹಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಆ ಮಧ್ಯಾಹ್ನ ಅದನ್ನು ತೆಗೆದು ಮತ್ತೆ ಓದಿದೆ. ಓದುತ್ತ ಹೋದಂತೆ ನನಗೆ ನಿಜವಾಗಿ ಬೇಕಾದದ್ದು ಆ ಕೊನೆಯ ಸಾಲಿನಲ್ಲಿದೆ ಎಂದು ತಿಳಿಯಿತು: ಈ ಎಲೆ ಯಾಕೆ ಹಳದಿಯಾಗುತ್ತದೆ? ಅದನ್ನು ತಿಳಿಯಲು ನಾನು ಇರಬೇಕಾದದ್ದು ಆ ಗಿಡಗಳ ಹತ್ತಿರ. ಕಲ್ಲಿನ ಕಟ್ಟಡ ಚೆಂದ ಎಂಬುದರ ಹೊರತು ಅಲ್ಲಿಗೆ ಹೋಗಲು ನನ್ನ ಬಳಿ ಬೇರೆ ಕಾರಣವೇ ಇರಲಿಲ್ಲ.

ಹಬ್ಬ ಮುಗಿಸಿ ಮಾಮ ದುಬೈಗೆ ಮರಳಿದ್ದರು. ಸಂಜೆ ಅಲ್ಲಿಗೆ ವಿಡಿಯೋ ಕಾಲ್ ಮಾಡಿ, "ಮಾಮ, ನಾನು ಅರ್ಜಿ ಹಾಕುವುದಿಲ್ಲ. ಉಡುಪಿಯಲ್ಲೇ ಬಿ.ಎಸ್ಸಿ. ಸೇರ್ತೇನೆ," ಎಂದೆ.

"ತಲೆ ಸರಿ ಉಂಟಾ ನಿನಗೆ? ಫಾದರ್ ಪೂಜೆಯಲ್ಲಿ ಓದಿ ಆಗಿದೆ! ಇನ್ನು ಹಿಂದೆ ಹೋಗ್ಲಿಕ್ಕೆ ಆಗ್ತದಾ?" ಎಂದು ಕೂಗಿದರು. ಆಮೇಲೆ ಸ್ವರ ತಗ್ಗಿಸಿ ಕೇಳಿದರು, "ಹೆದರಿದೆಯಾ?"

"ಹೆದರಿದ್ದರೆ ಅರ್ಜಿ ಹಾಕ್ತಿದ್ದೆ ಮಾಮ. ಇಡೀ ಊರಿಗೆ ಹೆದರಿ."

ಅವರು ಫೋನ್ ಇಟ್ಟರು. ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆದರೆ ನನಗೆ ಚಿಂತೆಯಿದ್ದದ್ದು ಮಮ್ಮಿಯದು. ಭಾನುವಾರ ಚರ್ಚಿನ ಗೇಟಿನ ಹತ್ತಿರವೇ ಒಬ್ಬರು ಕೇಳಿಬಿಟ್ಟರು, "ಲಿಲ್ಲಿ ಬಾಯಿ, ಮಗಳ ಅಮೆರಿಕ ಎಂತಾಯ್ತು?" ಮಮ್ಮಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹತ್ತು ಜನಕ್ಕೆ ಕೇಳುವ ಹಾಗೆ ಹೇಳಿದಳು: "ಅರ್ಜಿ ಹಾಕ್ಲಿಲ್ಲ. ಅವಳಿಗೆ ಬೇಡವಂತೆ. ಥ್ಯಾಂಕ್ಸ್ ನಾನು ಹೇಳಿದ್ದು, ತಪ್ಪು ನನ್ನದು. ದೇವರ ಹತ್ತಿರ ನಾನೇ ಮಾತಾಡಿಕೊಳ್ತೇನೆ." ಆ ದಿನ ನನಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು.

ಬಿ.ಎಸ್ಸಿ.ಯ ಮೊದಲ ವರ್ಷ ಕೊರೊನಾದಿಂದಾಗಿ ಪಾಠವೆಲ್ಲ ಮೊಬೈಲಿನಲ್ಲಿ, ಮಲ್ಲಿಗೆ ಗಿಡಗಳ ನಡುವೆ ಕುಳಿತೇ ಆಯಿತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆ ಹಳದಿ ಎಲೆಯನ್ನೇ ತೆಗೆದುಕೊಂಡೆ. ಕಾಲೇಜಿನ ನಮ್ಮ ಮೇಡಂ ಹೇಳಿದಂತೆ ಒಂದು ಗಿಡ ಕಿತ್ತು ಬೇರು ತೊಳೆದು ನೋಡಿದರೆ ಮೈತುಂಬ ಸಣ್ಣ ಸಣ್ಣ ಗಂಟುಗಳು. ಕಣ್ಣಿಗೆ ಕಾಣದ ಹುಳುಗಳು ಬೇರಿನ ಒಳಗೇ ಮನೆ ಮಾಡಿದ್ದವು. ನಾವೆಲ್ಲ ಇಷ್ಟು ವರ್ಷ ಎಲೆಗೆ ಮದ್ದು ಹೊಡೆಯುತ್ತಿದ್ದೆವು! ಬುಡಕ್ಕೆ ಬೇವಿನ ಹಿಂಡಿ ಹಾಕಿ, ಸಾಲುಗಳ ನಡುವೆ ಆ ಹುಳುಗಳನ್ನು ತಡೆಯುವ ಗೊಂಡೆ, ಅಂದರೆ ಚೆಂಡು ಹೂವಿನ ಗಿಡ ನೆಟ್ಟೆವು. ಮರುವರ್ಷ ಹೊಸ ಚಿಗುರು ಹಸಿರಾಗಿಯೇ ಬಂತು. ಸುಂದರಿ ಅಕ್ಕನ ಅಂಗಳದಲ್ಲೂ ಹಾಗೆಯೇ ಆಯಿತು. ಆಮೇಲೆ ಬೇರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬರದವರಿಲ್ಲ.

ನಾನೀಗ ಎಂ.ಎಸ್ಸಿ. ಮುಗಿಸಿ ಕಾರ್ಕಳದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದೊಡ್ಡ ಯೂನಿವರ್ಸಿಟಿಗಳಿಗೆ ಹೋಗಬಾರದೆಂದು ನನ್ನ ವಿದ್ಯಾರ್ಥಿಗಳಿಗೆ ಎಂದೂ ಹೇಳಿಲ್ಲ. ಹೋಗುವವರು ಹೋಗಲಿ, ಆದರೆ ಅರ್ಜಿಯಲ್ಲಿ ತಾಯಿಯನ್ನು ಅಳಿಸಬೇಡಿ ಎನ್ನುತ್ತೇನೆ.

ಕಳೆದ ತೆನೆ ಹಬ್ಬದ ಹಿಂದಿನ ದಿನ ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ನೋಡಿದರೆ ಮಾಮ. ದುಬೈ ಬಿಟ್ಟು ಬಂದು ಅವರೂ ನಲವತ್ತು ಗಿಡ ನೆಟ್ಟಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಜಗಲಿಯ ಮೆಟ್ಟಿಲಲ್ಲೇ ನಿಂತು, ನನ್ನ ಮುಖ ನೋಡದೆ, "ಮೇಡಂ ಇದ್ದಾರಾ?" ಎಂದರು.

"ಇದ್ದಾರೆ. ಚಪ್ಪಲಿ ಹೊರಗೆ ಬಿಟ್ಟು ಬರ್ಲಿಕ್ಕೆ ಹೇಳಿದ್ದಾರೆ," ಎಂದೆ. ಮಮ್ಮಿ ನಕ್ಕು ನಕ್ಕು ಕೈಯಲ್ಲಿದ್ದ ನಾರನ್ನೇ ಬೀಳಿಸಿದಳು.

ಮರುದಿನ ಪೂಜೆಯಲ್ಲಿ ಫಾದರ್ ಒಂದು ಚೀಟಿ ಓದಿದರು. ಮಗಳು ಊರಿನಲ್ಲೇ ಓದಿ ಊರಿನ ಗಿಡಗಳನ್ನು ಉಳಿಸಿದ್ದಕ್ಕಾಗಿ ಲಿಲ್ಲಿ ಬಾಯಿ ಮತ್ತು ಅಣ್ಣನಿಂದ ಕೃತಜ್ಞತೆ. ನಾನು ಪಕ್ಕಕ್ಕೆ ತಿರುಗಿ ಮಮ್ಮಿಯನ್ನು ನೋಡಿದೆ. ಅವಳು ಅಳುತ್ತಿದ್ದಳು. ನನ್ನ ಮುಂದೆ ಅವಳು ಅತ್ತದ್ದು ಅದೇ ಮೊದಲು.