ಇವಳನ್ನೇ ಕೇಳಿ

ಮೇಣದಬತ್ತಿ ಮಾಡಿ ಮಾರುವ ಆ ಹೆಂಗಸನ್ನು ಬೀದಿಯವರೆಲ್ಲ ಮೇಣದಮ್ಮ ಎನ್ನುತ್ತಿದ್ದರು. ಹೆಸರಿನಲ್ಲಿ ಮಾತ್ರ ಮೇಣ, ಮನಸ್ಸು ಕಲ್ಲು. ನಾನು ಗೋಡೆಯಾಚೆಯ ಮುದಿ ದರ್ಜಿ. ಹೊಲಿಗೆ ಯಂತ್ರ ನಿಂತಾಗಲೆಲ್ಲ ಅವಳ ಬೈಗುಳ ನನ್ನ ಕಿವಿಗೆ ಬೀಳುತ್ತಿತ್ತು. ಬೈಸಿಕೊಳ್ಳುತ್ತಿದ್ದವಳು ಅವಳ ಗಂಡನ ತಂಗಿಯ ಮಗಳು, ಅಪ್ಪ ಅಮ್ಮ ಇಲ್ಲದ ಹತ್ತು ವರ್ಷದ ಹುಡುಗಿ. ಸೋದರಮಾವ ಇರುವತನಕ ಮಗುವಿಗೆ ಮಂಚದ ಮೇಲೆ ಜಾಗವಿತ್ತು. ಅವನು ತೀರಿಕೊಂಡ ಮೇಲೆ ಮೇಣ ಕರಗಿಸುವ ಒಲೆಯ ಪಕ್ಕದ ಗೋಣಿಚೀಲವೇ ಹಾಸಿಗೆ.

ಹುಡುಗಿಗೆ ದೇವರೆಂದರೆ ಪ್ರಾಣ. ಮೇಣ ಹೊಯ್ಯುವ ಅಚ್ಚಿನ ಕೊಳವೆಗಳಿಗೆ ಬತ್ತಿಯ ನೂಲು ಪೋಣಿಸುವ ಮುಂಚೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಅಷ್ಟಕ್ಕೇ ಅತ್ತೆಗೆ ಮೈಯೆಲ್ಲ ಉರಿ.

"ಏ ಪುಟ್ಟ ಪಾದ್ರಿ, ದೇವರು ಬಂದು ನೂಲು ಪೋಣಿಸ್ತಾನಾ? ಕೈ ಆಡಿಸು!" ಎಂದು ತಲೆಗೆ ಮೊಟಕುತ್ತಿದ್ದಳು.

ಭಾನುವಾರ ಮಾತ್ರ ಚರ್ಚಿಗೆ ಬಿಡುತ್ತಿದ್ದಳು, ಅದೂ ಪುಣ್ಯಕ್ಕಲ್ಲ, ಚರ್ಚಿನವರು ಅವಳ ದೊಡ್ಡ ಗಿರಾಕಿಗಳು. ಹುಡುಗಿ ವಾರವಿಡೀ ಬದುಕುತ್ತಿದ್ದುದೇ ಆ ಒಂದು ಬೆಳಗಿಗಾಗಿ. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರೆ ಅವಳ ಮುಖವೇ ಬೇರೆಯಾಗುತ್ತಿತ್ತು.

ಇನ್ನು ಮೇಣದಮ್ಮನ ವ್ಯಾಪಾರ. ಜೇನುಮೇಣದ ಬತ್ತಿ ಎಂದು ಮಾರುತ್ತಿದ್ದುದರಲ್ಲಿ ಅರ್ಧ ಕಟುಕನ ಅಂಗಡಿಯ ಕೊಬ್ಬು. ಯಾರಾದರೂ ಮೂಗು ಮುರಿದರೆ, ತಾನು ಮೊಟಕಿದ ತಲೆಯನ್ನೇ ಸವರುತ್ತಾ, "ಈ ಮಗು ಪ್ರಾರ್ಥನೆ ಮಾಡ್ದೆ ಅಚ್ಚು ಮುಟ್ಟಲ್ಲ. ಸುಳ್ಳಂತೂ ಇವಳ ಬಾಯಲ್ಲಿ ಬರೋದೇ ಇಲ್ಲ. ಬೇಕಾದ್ರೆ ಇವಳನ್ನೇ ಕೇಳಿ" ಎನ್ನುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಮಗು ನೊಂದುಕೊಂಡೀತು ಎಂದು ಸುಮ್ಮನೆ ಬತ್ತಿ ಕೊಂಡು ಹೋಗುತ್ತಿದ್ದರು. ಹೇಳಿ ಹೇಳಿ ಆ ಮಾತು ಅವಳ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು.

ಒಂದು ದಿನ ಚರ್ಚಿನ ಮೇಲ್ವಿಚಾರಕರು ಬಂದರು. ಬಲಿಪೀಠದ ಬತ್ತಿ ಹೊಗೆ ಕಾರುತ್ತದೆ, ನಾತ ಹೊಡೆಯುತ್ತದೆ ಎಂದರು. ಹೊಲಿದ ಲಂಗ ಕೊಡಲು ಹೋಗಿದ್ದ ನಾನು ಬಾಗಿಲಲ್ಲೇ ಇದ್ದೆ. ಮೇಣದಮ್ಮ ಯೋಚನೆಯೇ ಇಲ್ಲದೆ "ಇವಳನ್ನೇ ಕೇಳಿ" ಎಂದಳು. ಆ ಪುಣ್ಯಾತ್ಮರು ಕೇಳಿಯೇಬಿಟ್ಟರು.

"ಏನಮ್ಮಾ, ಇದು ಬರೀ ಜೇನುಮೇಣನಾ?"

ಹುಡುಗಿ ಅತ್ತೆಯ ಮುಖ ನೋಡಿದಳು. ಮುಂದೇನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅಲ್ಲ ಸರ್. ಅರ್ಧ ಕೊಬ್ಬು."

"ಭೇಷ್! ದೇವರು ನಿನ್ನ ಕಾಪಾಡ್ಲಿ ಮಗಳೇ" ಎಂದು ಬೆನ್ನು ತಟ್ಟಿ ಅವರು ನಡೆದುಬಿಟ್ಟರು. ದೇವರ ಮೇಲೆ ಭಾರ ಹಾಕಿ ಹೋಗುವುದು ಎಷ್ಟು ಸುಲಭ! ಅವರು ಬೀದಿ ತಿರುಗಿದ್ದೇ ತಡ, ಮೇಣದಮ್ಮ ನನ್ನ ಮುಖಕ್ಕೇ ಬಾಗಿಲು ಹಾಕಿ ಚಿಲಕ ಜಡಿದಳು. ಒಳಗೆ ನಡೆದದ್ದನ್ನು ಬರೆಯಲಾರೆ. ನಾನು ಬಾಗಿಲು ಗುದ್ದಿದೆ, ಗೋಡೆ ಗುದ್ದಿದೆ, ಯಾರು ಕೇಳಬೇಕು?

"ಉಂಡ ಮನೆಗೇ ಎರಡು ಬಗೀತೀಯಾ? ಇನ್ನು ಚರ್ಚಿನ ಕಡೆ ಹೆಜ್ಜೆ ಇಟ್ರೆ ಕಾಲು ಮುರೀತೀನಿ!"

ಅಲ್ಲಿಯವರೆಗೆ ಹೊಡೆತಕ್ಕೆ ತುಟಿ ಬಿಚ್ಚದಿದ್ದ ಮಗು ಆ ಮಾತಿಗೆ ಗೊಳೋ ಎಂದು ಅತ್ತಿತು.

ಭಾನುವಾರ ಚರ್ಚಿನಲ್ಲಿ ಬೇರೆ ಅಂಗಡಿಯ ಬತ್ತಿಗಳು ಚೆಂದವಾಗಿ ಉರಿದವು. ಮೇಲ್ವಿಚಾರಕರು ಮಕ್ಕಳನ್ನು ಮುಂದೆ ಕೂರಿಸಿ, ಸತ್ಯ ನುಡಿದ ಹುಡುಗಿಯ ಕಥೆ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದವು, ತಾಯಂದಿರು ಕಣ್ಣೊರೆಸಿಕೊಂಡರು. ನಾನು ಎದ್ದು ನಿಂತೆ.

"ಆ ಹುಡುಗಿ ಇವತ್ತು ಯಾಕೆ ಬಂದಿಲ್ಲ ಅಂತ ಒಬ್ಬರಾದ್ರೂ ಕೇಳಿದ್ರಾ?"

"ಈಗ ಹಾಡೋಣ" ಎಂದರು ಮೇಲ್ವಿಚಾರಕರು. ಕೋಲು ಕುಟ್ಟಿಕೊಂಡು ಹೊರಗೆ ನಡೆದೆ.

ಮೇಣದಮ್ಮನ ಮನೆಗೆ ಹೊರಗಿನಿಂದ ಬೀಗ. ಕಿಟಕಿಯಲ್ಲಿ ಇಣುಕಿದೆ. ಹುಡುಗಿ ಊದಿಕೊಂಡ ಬೆರಳುಗಳಲ್ಲಿ ನೂಲು ಪೋಣಿಸುತ್ತಿದ್ದಳು. ನನ್ನನ್ನು ಕಂಡವಳೇ ಕೆಲಸ ಬಿಟ್ಟು ಓಡಿಬಂದು ಸರಳು ಹಿಡಿದುಕೊಂಡಳು.

"ತಾತ, ಇವತ್ತು ಯಾವ ಹಾಡು ಹಾಡಿದ್ರು?"

ಸಿಟ್ಟಿನ ಭರದಲ್ಲಿ ನಾನು ಹಾಡು ಶುರುವಾಗುವ ಮೊದಲೇ ಎದ್ದುಬಂದಿದ್ದೆ. ಅವಳಿಗೆ ಹೇಳಲು ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ.