ತಾವೇ ಮುಚ್ಚಿದ ಎಡಗಡೆಯ ಬಿರುಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುಣ್ಣಕಲ್ಲಿನ ಗುಡ್ಡದ ಬುಡದಲ್ಲಿ ನೆಲ ಕುಸಿದು ಆದ ಗುಂಡಿಯ ತಳದಲ್ಲಿ ಒಬ್ಬ ಹೆಂಗಸು ಹೊಟ್ಟೆ ಅಡಿ ಮಾಡಿ ಮಲಗಿದ್ದಾರೆ. ಕಣಕಾಲಿನ ತನಕ ಬಿರುಕಿನೊಳಗೆ ಹೋಗಿದೆ ದೇಹ. ಹೊರಗೆ ಕಾಣುವುದು ಕೆಸರು ಮೆತ್ತಿದ ಎರಡು ಬೂಟು ಮಾತ್ರ. ಬೂಟು ಅಲ್ಲಾಡಿದರೆ ಬಕೆಟ್ ತುಂಬಿತು ಎಂದರ್ಥ. ಮೇಲೆ ರಾಟೆಯ ಪಕ್ಕ ಕೂತ ಅವರ ಭಾವ ಹಗ್ಗ ಜಗ್ಗುತ್ತಾರೆ.

"ಬದುಕಿದ್ದೀಯೇನೇ?"

"ಸತ್ರೆ ಹೇಳಿ ಕಳಿಸ್ತೀನಿ. ನೀವು ಎಳೀರಿ ಭಾವ!"

ವಾರವೆಲ್ಲ ಈಕೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇನ್ನೊಬ್ಬರ ರಕ್ತ, ಕೀವು, ಔಷಧಿಯ ಕಲೆಗಳನ್ನು ಕುದಿಯುವ ನೀರಿನಲ್ಲಿ ತೆಗೆಯುತ್ತಾರೆ. ಭಾನುವಾರ ಬಂತೆಂದರೆ ಇಲ್ಲಿ ಹಾಜರು. ಜೊತೆಗೆ ಬಾವಿ ತೋಡಿ ತೋಡಿ ಮಂಡಿ ಸವೆಸಿಕೊಂಡ ಭಾವ, ಒಬ್ಬ ಗಾರೆ ಕೆಲಸದವನು, ಒಬ್ಬ ಬಸ್ ಕಂಡಕ್ಟರ್. ಗೆಳತಿಯರು ಈಕೆಗೆ 'ಹೆಗ್ಗಣದಕ್ಕ' ಎಂದು ಹೆಸರಿಟ್ಟಿದ್ದಾರೆ. "ಏನು ಸಿಕ್ತೇ, ಚಿನ್ನಾನಾ?" ಎಂದು ಸೋಮವಾರ ತಪ್ಪದೆ ಕೇಳುತ್ತಾರೆ. "ಸಿಕ್ತು, ಸೊಂಟನೋವು" ಎನ್ನುತ್ತಾರೆ ಅಕ್ಕ.

ಹುಡುಕುತ್ತಿರುವುದು ಖಾಲಿ ಜಾಗವನ್ನು. ನೀರು ಯುಗಗಳ ಕಾಲ ಕೊರೆದ ಗುಹೆಯೊಂದು ಈ ಗುಡ್ಡದ ಹೊಟ್ಟೆಯಲ್ಲಿದೆ ಎಂಬುದು ನಾಲ್ವರ ನಂಬಿಕೆ. ಬಿರುಕಿನಿಂದ ಗಾಳಿ ಬಂದರೆ ಅದರಾಚೆ ಟೊಳ್ಳು ಜಾಗವಿದೆ. ಗಾಳಿ ಬಂದ ಕಡೆ ಅಗೆಯಬೇಕು. ಶಿಖರ ಹತ್ತಿದವರಿಗೆ ಹಾರ ಹಾಕಿ ಫೋಟೋ ಹಿಡಿಯುವ ಈ ಲೋಕ, ಕೆಳಗಿಳಿದವರ ಕಡೆ ಕತ್ತು ಬಗ್ಗಿಸಿಯೂ ನೋಡುವುದಿಲ್ಲ. ಊರಿಗೆ ಇದು ಹರಿದ ಹಾಸಿಗೆ, ಹಳೆ ಟೈರು, ಒಡೆದ ಕಮೋಡು ಬಿಸಾಡುವ ತಿಪ್ಪೆಯಾಗಿತ್ತು. ಅದನ್ನೆಲ್ಲ ಈ ನಾಲ್ವರೇ ಹೊತ್ತು ಹಾಕಿದರು. ಕಸ ಸುರಿಯುವಾಗ ಯಾರಿಗೂ ಬೇಡವಾಗಿದ್ದ ಜಾಗ ಚೊಕ್ಕಟವಾಯಿತು ನೋಡಿ, ನಗರಸಭೆಯವರಿಗೆ ಥಟ್ಟನೆ ನೆನಪಾಯಿತು: ಗುಂಡಿ ಅಪಾಯಕಾರಿ, ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಬೇಕು. ನಾಳೆ ಲಾರಿಗಳು ಬರುತ್ತವೆ.

ನಾಳೆಯೊಳಗೆ ಒಳಗೆ ನುಗ್ಗಬೇಕು. ನುಗ್ಗಲಾಗದಂತೆ ಅಡ್ಡ ಕೂತಿರುವುದು ಬಂಡೆಯಲ್ಲ, ಇವರೇ ತುಂಬಿದ ಮಣ್ಣು.

ಅಗೆಯುವವರ ದೊಡ್ಡ ತಲೆನೋವು ಅಗೆದದ್ದನ್ನು ಎಲ್ಲಿ ಹಾಕುವುದು ಎಂಬುದು. ಪ್ರತಿ ಬಕೆಟ್ಟನ್ನೂ ಮೇಲೆತ್ತುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಆರಂಭದ ಬೇಸಿಗೆಯಲ್ಲಿ ತಳದಲ್ಲಿ ಎರಡು ಬಿರುಕು ಕಂಡಿದ್ದವು. ಬಲಗಡೆಯದರಲ್ಲಿ ನೀರು ಹರಿದ ಗುರುತಿತ್ತು. ಬಾವಿ ತೋಡಿದ ಭಾವನ ಕಣ್ಣು ಅಲ್ಲೇ ನೆಟ್ಟಿತು. ಎಡಗಡೆಯದಕ್ಕೆ ಮಣ್ಣು ತುಂಬೋಣ ಎಂದರು. "ಭಾವ, ನನ್ನ ಎಡಗೆನ್ನೆಗೆ ತಣ್ಣಗೆ ತಾಗ್ತಿದೆ ಕಣ್ರೀ" ಎಂದರು ಅಕ್ಕ. "ಅಕ್ಕನಿಗೆ ಕಿಟಕಿ ಸೀಟೇ ಬೇಕು!" ಎಂದ ಕಂಡಕ್ಟರ್. ಎಲ್ಲರೂ ನಕ್ಕರು. "ನಾನೂ ನಕ್ಕೆ. ಅದೇ ನೋಡಿ ಈಗ ಚುಚ್ಚೋದು" ಎನ್ನುತ್ತಾರೆ ಆಕೆ. ಹೆಂಗಸಿನ ಕೆನ್ನೆಗೆ ತಾಗಿದ್ದು ಸಾಕ್ಷಿಯಾಗುವುದು ಯಾವ ಕಾಲಕ್ಕೋ!

ವರ್ಷಗಟ್ಟಲೆ ಬಲಕ್ಕೆ ಅಗೆದರು, ಎಡಕ್ಕೆ ಒದ್ದು ಒದ್ದು ತುಂಬಿದರು. ಮಣ್ಣು ಜಾರದಂತೆ ಗಾರೆಯವನು ಕಲ್ಲುಗೋಡೆಯನ್ನೂ ಕಟ್ಟಿದ. ಹೋದ ಚಳಿಗಾಲದಲ್ಲಿ ಬಲಗಡೆ ಗಟ್ಟಿ ಬಂಡೆಗೆ ಮುಗಿಯಿತು. ಕೈಚೆಲ್ಲಿ ಕೂತ ಗಾರೆಯವನು ಸಿಗರೇಟು ಹಚ್ಚಿದ. ಹೊಗೆ ಮೇಲೇಳಲಿಲ್ಲ. ನೆಲಕ್ಕೆ ಸಮವಾಗಿ ತೇಲಿ, ಅವನೇ ಕಟ್ಟಿದ ಗೋಡೆಯ ಸಂದಿಗಳೊಳಗೆ ಸರಸರನೆ ನುಸುಳಿತು. ಬೇಸಿಗೆಯಲ್ಲಿ ಗಾಳಿ ಹೊರಗೂದುವ ಗುಹೆ ಚಳಿಗಾಲದಲ್ಲಿ ಒಳಗೆಳೆದುಕೊಳ್ಳುತ್ತದೆ.

ಅಂದಿನಿಂದ ತಮ್ಮ ದುಡಿಮೆಯನ್ನೇ ತಾವು ಬಗೆಯುತ್ತಿದ್ದಾರೆ. ಗೋಡೆಗೆ ಉಳಿ ಹೊಡೆಯುತ್ತ ಗಾರೆಯವನು, "ಯಾವ ಪುಣ್ಯಾತ್ಮ ಕಟ್ಟಿದ್ನೋ ಇದನ್ನ, ಬೀಳ್ತಾನೇ ಇಲ್ಲ" ಎಂದು ತನಗೆ ತಾನೇ ಶಾಪ ಹಾಕಿಕೊಳ್ಳುತ್ತಿದ್ದ. ಅದರ ಹಿಂದಿನ ಮಣ್ಣು ನೀರು ಕುಡಿದು ಸಿಮೆಂಟಿನಂತೆ ಕೂತಿತ್ತು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಬೂಟುಗಳು ಒಮ್ಮೆಗೇ ಸ್ತಬ್ಧವಾಗುತ್ತವೆ. ಕಂಡಕ್ಟರ್ ಗಾಬರಿಯಿಂದ ಕಾಲು ಹಿಡಿದು ಎಳೆಯಲು ಹೋದರೆ, "ಸುಮ್ನಿರೋ!" ಎಂಬ ಗದರು. ಮಣ್ಣಿನ ತುದಿಯಲ್ಲಿ ಅಕ್ಕನ ತೋಳು ಹಿಡಿಸುವಷ್ಟು ತೂತು ಬಿದ್ದಿದೆ. ತಣ್ಣನೆಯ ಗಾಳಿ ಮುಖಕ್ಕೆ ರಾಚುತ್ತಿದೆ. ಒಂದು ಕಲ್ಲು ಒಳಗೆ ಬಿಡುತ್ತಾರೆ. ಅದು ಬಡಿಯುತ್ತದೆ, ಉರುಳುತ್ತದೆ, ಇನ್ನೂ ಕೆಳಗೆ ಎಲ್ಲೋ ಮತ್ತೆ ಬಡಿಯುತ್ತದೆ. ಆಮೇಲೆ ನೀರಿನ ಸದ್ದು. ದೇಹ ತೂರುವಷ್ಟು ಬಿಡಿಸಲು ಇನ್ನೂ ಎಷ್ಟೋ ಭಾನುವಾರ ಬೇಕು. ಗುಂಡಿಯ ಸುತ್ತ ಆಗಲೇ ಕೆಂಪು ಪಟ್ಟಿ ಕಟ್ಟಿದ್ದಾರೆ.

ಮೇಲೆ ಬಂದ ಅಕ್ಕನಿಗೆ ಭಾವ ನೀರಿನ ಬಾಟಲಿ ಕೊಡುತ್ತಾರೆ. ಮುಖ ನೋಡುವುದಿಲ್ಲ. "ಇದ್ಯೇನೇ?" "ಇದೆ ಭಾವ." ಅವರು ಹಗ್ಗ ಸುತ್ತುತ್ತಾರೆ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಾರೆ. "ನನ್ನ ಕಣ್ಣನ್ನ ನಂಬ್ದೆ ಕಣೇ. ನಿನ್ನ ನಂಬಲಿಲ್ಲ."

ಅಕ್ಕ ಬಾಟಲಿಯನ್ನು ಅವರ ಕೈಗೇ ವಾಪಸು ಕೊಡುತ್ತಾರೆ. ಅಳತೆ ಮಾಡಲು ಬಂದ ನಗರಸಭೆಯ ಮೇಸ್ತ್ರಿಯ ಹತ್ತಿರ ಹೋಗಿ, ಕೆಸರಿನ ಕೈ ಸೀರೆಗೆ ಒರೆಸಿಕೊಂಡು ಕೇಳುತ್ತಾರೆ:

"ಮುಚ್ಚೋದು ಮುಚ್ತೀರ. ಎಡಗಡೆ ಒಂದು ಸಿಮೆಂಟ್ ಪೈಪು ನಿಲ್ಲಿಸಿ, ಮೇಲಿನ ತನಕ. ಪೈಪು ನಾವೇ ತರ್ತೀವಿ. ಗಾಳಿ ಬರ್ತಾ ಇರ್ಲಿ. ಯಾವತ್ತೋ ಒಬ್ಬಳು ಕಾರಿನಿಂದ ಇಳಿದು, ಇದೇನು ತಣ್ಣಗೆ ತಾಗ್ತಿದೆ ಅಂದ್ರೆ, ಅವಳ ಮಾತಾದರೂ ಯಾರಾದರೂ ಕೇಳ್ಲಿ."