ಹಲಗೆಯಡಿಯ ತಾಳ

ಇನ್ನೂ ಬೆಳಕು ಹರಿಯುತ್ತಿರುವ ಹೊತ್ತು. ರಂಗಮಂದಿರದ ಹಿಂಬಾಗಿಲ ಬೀಗ ತೆಗೆದು ಒಳಬಂದ ಹೆಂಗಸು ದೀಪ ಹಾಕುವ ಗೋಜಿಗೆ ಹೋಗುವುದಿಲ್ಲ. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇದಿಕೆಯ ಪಕ್ಕದ ಮೊಣಕಾಲೆತ್ತರದ ಬಾಗಿಲಲ್ಲಿ ಬಗ್ಗಿ ನುಗ್ಗುತ್ತಾರೆ. ಒಳಗೆ ನೆಟ್ಟಗೆ ನಿಲ್ಲಲು ಆಗದು. ತೊಲೆಗಳು, ಯಾವುದೋ ಕಾಲದ ಹಗ್ಗದ ಸಿಂಬಿ, ಧೂಳು, ನಡುವೆ ಒಂದು ಗಿಡ್ಡ ಸ್ಟೂಲು. ಅದರ ಮೇಲೆ ಕುಳಿತು ತಲೆಯ ಮೇಲಿನ ಹಲಗೆಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಡುತ್ತಾರೆ.

ಏನು ಮಾಡುತ್ತಿದ್ದೀರಿ ಎಂದರೆ, "ಹಲಗೆಗೆ ನೆಗಡಿ ಆಗಿದೆಯಾ ಅಂತ ನೋಡ್ತಿದ್ದೀನಿ" ಎನ್ನುತ್ತಾರೆ. ತೇವ ಕುಡಿದ ಹಲಗೆ ಮೂಗು ಕಟ್ಟಿದವರ ಹಾಗೆ ಮಾತಾಡುತ್ತದಂತೆ. ಅಂಥದ್ದರ ಮೇಲೆ ಪೆಟ್ಟು ಹಾಕಿದರೆ ಮೇಲೆ ನಿಂತವರ ಅಂಗಾಲಿಗೆ ಮುಟ್ಟುವುದಿಲ್ಲ. ಇವತ್ತು ಒಂದೂ ಹಲಗೆಗೆ ನೆಗಡಿಯಿಲ್ಲ. ಆದರೂ ಅವರ ಮುಖ ಅರಳುವುದಿಲ್ಲ. ಸಂಜೆ ಮೊದಲ ಪ್ರದರ್ಶನ, ಟಿಕೆಟ್ಟುಗಳೆಲ್ಲ ಖಾಲಿಯಾಗಿವೆ.

ಎಲೆಮರೆಯ ಕಾಯಿ ಅನ್ನುತ್ತೇವಲ್ಲ, ಇವರು ಹಲಗೆಮರೆಯ ಕಾಯಿ. ತಂಡದಲ್ಲಿ ಎಲ್ಲರ ಬಾಯಲ್ಲೂ 'ಕೆಳಗಿನಕ್ಕ'. ಹಗಲು ವೇಷಭೂಷಣ ಹೊಲಿಯುತ್ತಾರೆ, ಸಂಜೆ ವೇದಿಕೆಯ ಕೆಳಗೆ ಕುಳಿತು ಮರದ ಕೊಡತಿಯಿಂದ ಹಲಗೆಗೆ ಪೆಟ್ಟು ಹಾಕುತ್ತಾರೆ. ಕೊಡತಿಯ ಮೂತಿಗೆ ಗಂಡನ ಹಳೆಯ ಕಾಲುಚೀಲ ಸುತ್ತಿದೆ. ಹಾಗಾಗಿ ಪೆಟ್ಟು ಪ್ರೇಕ್ಷಕರಿಗೆ ಕೇಳುವುದಿಲ್ಲ, ಬರಿಗಾಲಲ್ಲಿ ನಿಂತ ನಟರಿಗೆ ಮಾತ್ರ ಅಂಗಾಲಲ್ಲಿ ತಿಳಿಯುತ್ತದೆ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಈ ನಾಟಕದ ಕತ್ತಲ ದೃಶ್ಯವನ್ನು ಒಮ್ಮೆ ನೋಡಬೇಕು. ನೋಡುವುದೇನು, ಕತ್ತಲಲ್ಲಿ ಏನೂ ಕಾಣದು, ಕೇಳಬೇಕು.

ನಾಟಕದ ಹೆಸರು 'ದೀಪವಾರಿದ ಹಡಗು'. ಸುಮಾರು ನಲವತ್ತು ವರ್ಷಗಳ ಬಳಿಕ ಅದೇ ವೇದಿಕೆಗೆ ಮರಳಿ ಬಂದಿರುವ ಸಂಗೀತ ನಾಟಕ. ಇಲ್ಲಿ ಹಾಡುವವರು ಬೇರೆ, ನುಡಿಸುವವರು ಬೇರೆ ಎಂಬುದಿಲ್ಲ. ಹಡಗಿನ ಅಡುಗೆಯವನ ಕೊರಳಲ್ಲೇ ಅಕಾರ್ಡಿಯನ್ ತೂಗುತ್ತದೆ, ಹಗ್ಗ ಎಳೆಯುವವನ ಕೈಯಲ್ಲೇ ಪಿಟೀಲು, ಕ್ಯಾಪ್ಟನ್ನಿನ ತುಟಿಗೆ ಟ್ರಂಪೆಟ್. ಮುಂದೆ ನಿಂತು ಕೈ ಬೀಸುವ ಸಂಗೀತ ನಿರ್ವಾಹಕ ಇಲ್ಲ. ಬೆಳಕಿದ್ದಾಗ ಒಬ್ಬರ ಕಣ್ಣು ಒಬ್ಬರು ನೋಡಿಕೊಂಡು ಶುರು ಮಾಡುತ್ತಾರೆ. ಆದರೆ ಬಿರುಗಾಳಿಗೆ ಹಡಗಿನ ದೀಪ ಆರಿದಾಗ ಇಡೀ ರಂಗಮಂದಿರ ಕಗ್ಗತ್ತಲಾಗುತ್ತದೆ. ದಾರಿ ತಪ್ಪಿದ ಸಣ್ಣ ದೋಣಿಗೆ ಕೇಳಲೆಂದು ಹನ್ನೊಂದು ಜನ ಒಟ್ಟಿಗೆ ನುಡಿಸಬೇಕು. ಯಾರು ಯಾರನ್ನು ನೋಡಿ ಶುರು ಮಾಡುವುದು?

ಮೊದಲ ಸಲ ಈ ನಾಟಕ ಕಟ್ಟುವಾಗ ಇದೇ ತಲೆನೋವಾಗಿತ್ತು. ಆಗ ಅಕ್ಕ ಹೊಸದಾಗಿ ಸೇರಿದ ದರ್ಜಿ ಹುಡುಗಿ. ಹಲಗೆಯ ಸಂದಿಯಲ್ಲಿ ಬಿದ್ದುಹೋದ ಕ್ಯಾಪ್ಟನ್ನಿನ ಕೋಟಿನ ಗುಂಡಿ ಹುಡುಕಲು ಕೆಳಗೆ ನುಗ್ಗಿದ್ದರು. ಎದ್ದು ನಿಲ್ಲಲು ಹೋಗಿ ತಲೆ ಹಲಗೆಗೆ ಬಡಿಯಿತು. ನೋವಿಗೆ ಇನ್ನೊಮ್ಮೆ ಎದ್ದರು, ಇನ್ನೊಮ್ಮೆ ಬಡಿಯಿತು. ಮೇಲೆ ಕತ್ತಲಲ್ಲಿ ನಿಂತಿದ್ದವರೆಲ್ಲ ಅದನ್ನೇ ಸೂಚನೆ ಅಂದುಕೊಂಡು ಒಟ್ಟಿಗೆ ನುಡಿಸಿಬಿಟ್ಟರು.

"ತಲೆ ಚಚ್ಚಿಕೊಂಡಿದ್ದಕ್ಕೆ ಸಿಕ್ಕ ಕೆಲಸ ಇದು," ಎಂದು ನಗುತ್ತಾರೆ. "ಟ್ರಂಪೆಟ್ ಹುಡುಗ ಒಬ್ಬರು ಕೆಳಗೆ ಬಂದು ಇಣುಕಿದ್ರು. ಪೆಟ್ಟಾಯ್ತಾ ಅಂತ ಕೇಳ್ತಾರೆ ಅಂದ್ಕೊಂಡೆ. ಇಲ್ಲಪ್ಪ! ಇನ್ನೊಂದು ಸಲ ಹೊಡೀತೀರಾ ಅಂದ್ರು. ಅವರನ್ನೇ ಮದುವೆ ಆದೆ, ಬುದ್ಧಿ ನೋಡಿ ನನಗೆ."

ಆಗ ಆ ಹುಡುಗನದು ಎಳೆಯ ನಾವಿಕನ ಪಾತ್ರ. ಈಗ ಅವರೇ ಕ್ಯಾಪ್ಟನ್. ಕತ್ತಲ ದೃಶ್ಯ ಶುರುವಾಗುವುದೇ ಅವರ ಟ್ರಂಪೆಟ್ಟಿನ ಒಂದೇ ಒಂದು ಸ್ವರದಿಂದ. ಅದು ದೋಣಿಯನ್ನು ಕರೆಯುವ ಕೂಗು. ಕೊಡತಿಯ ಎಂಟು ಪೆಟ್ಟು ಆಗುವವರೆಗೆ, ಒಂದೇ ಉಸಿರಿನಲ್ಲಿ ಆ ಸ್ವರ ನಿಲ್ಲಬೇಕು. ಒಂಬತ್ತನೆಯದಕ್ಕೆ ಉಳಿದವರೆಲ್ಲ ಸೇರಿಕೊಳ್ಳುತ್ತಾರೆ.

"ಮನೇಲಿ ನನ್ನ ಮಾತು ಕೇಳೋ ಪೈಕಿ ಅಲ್ಲ ನಮ್ಮವರು. ಇಲ್ಲಿ ಮಾತ್ರ ನಾನು ಹೊಡೆದ ಹಾಗೆ ಊದಬೇಕು," ಎಂದು ಅಕ್ಕ ಎಲ್ಲರೆದುರು ಹೇಳಿ ನಗಿಸುತ್ತಿದ್ದರು. ಈಚೆಗೆ ಆ ಮಾತು ಆಡುತ್ತಿಲ್ಲ.

ಕಾರಣವಿದೆ. ಹೋದ ಚಳಿಗಾಲದಲ್ಲಿ ಗಂಡ ಶ್ವಾಸಕೋಶದ ಸೋಂಕು ತಗುಲಿ ಆಸ್ಪತ್ರೆ ಸೇರಿದ್ದರು. ಮನೆಗೆ ಬಂದ ಮೇಲೂ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನಾಟಕ ಮತ್ತೆ ಬರುತ್ತದೆ, ಕ್ಯಾಪ್ಟನ್ ನೀವೇ ಎಂಬ ಸುದ್ದಿ ಬಂದ ದಿನ ಎದ್ದು ಕುಳಿತು ಗಡ್ಡ ಹೆರೆದುಕೊಂಡರು. "ಔಷಧಿ ಎಬ್ಬಿಸಲಿಲ್ಲ ಅವರನ್ನ, ಈ ಪಾತ್ರ ಎಬ್ಬಿಸ್ತು," ಎನ್ನುತ್ತಾರೆ ಅಕ್ಕ. ಆದರೆ ಎದ್ದು ಕುಳಿತವರ ಹಿಂದೆಯೇ ಉಸಿರು ಬರಲಿಲ್ಲ. ಬೆಳಗ್ಗೆ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಹೊರಗೆ ತರಕಾರಿ ಹೆಚ್ಚುತ್ತಾ ಕುಳಿತ ಹೆಂಡತಿಗೆ ನಲ್ಲಿಯೂ ಕೇಳುತ್ತಿತ್ತು, ಟ್ರಂಪೆಟ್ಟೂ ಕೇಳುತ್ತಿತ್ತು. ಆರನೇ ಎಣಿಕೆಗೆ ಸ್ವರ ಹರಿದುಹೋಗುತ್ತಿತ್ತು.

"ಬಾಯಿ ಬಿಟ್ರೆ ಅವರಿಗೆ ಅವಮಾನ, ಬಿಡದಿದ್ರೆ ನನಗೆ ಸಂಕಟ. ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡ್ವಿ."

ಬಾಯಿಗೆ ಬೀಗ ಬಿದ್ದರೂ ಕೈ ಸುಮ್ಮನಿರಲಿಲ್ಲ. ತಾಲೀಮಿನಲ್ಲಿ ಅಕ್ಕ ಜನ್ಮದಲ್ಲಿ ಮಾಡದ ಕೆಲಸ ಮಾಡಿದರು. ಪೆಟ್ಟುಗಳನ್ನು ಇಷ್ಟೇ ಇಷ್ಟು ಹತ್ತಿರ ತಂದರು. ಎಂಟು ಪೆಟ್ಟು ಗಂಡನ ಉಸಿರಿನೊಳಗೆ ಹಿಡಿಸುವ ಹಾಗೆ. ಸ್ವರ ದಡ ಸೇರಿತು. ಯಾರಿಗೂ ತಿಳಿಯಲಿಲ್ಲ ಅಂದುಕೊಂಡರು.

ಮೊದಲು ತಿಳಿದದ್ದು ಕ್ಲಾರಿನೆಟ್ ಹುಡುಗಿಗೆ. ಅದೇ ವೇಗದಲ್ಲಿ ಮುಂದಿನದನ್ನೆಲ್ಲ ನುಡಿಸಬೇಕಾದವಳು ಅವಳು. "ಆಂಟಿ, ಕತ್ತಲಲ್ಲಿ ನನ್ನ ಬೆರಳು ಗಂಟು ಬೀಳ್ತಿವೆ" ಎಂದು ಬಂದು ಗೋಳಾಡಿದಳು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ, ಅನ್ನೋ ಮಾತು ನಾಲಿಗೆ ತುದಿಗೆ ಬಂತು," ಎನ್ನುತ್ತಾರೆ ಅಕ್ಕ. "ನುಂಗ್ಕೊಂಡೆ. ನೆಲ ನಿಜವಾಗ್ಲೂ ಡೊಂಕಾಗಿತ್ತು. ಡೊಂಕು ಮಾಡಿದವಳು ನಾನೇ."

ನಿರ್ದೇಶಕಿಯ ಕಿವಿ ಸೂಕ್ಷ್ಮ, ಮಾತು ಅದಕ್ಕಿಂತ ಹರಿತ. ಕಡೆಯ ತಾಲೀಮು ಮುಗಿದಾಗ ಎಲ್ಲರೆದುರೇ ಕೇಳಿದರು: "ಅಮ್ಮಾ, ಕತ್ತಲ ದೃಶ್ಯ ಓಡ್ತಿದೆ. ದೋಣಿ ಕರೆಯೋ ಹಾಗಿಲ್ಲ, ಬಸ್ಸು ಹಿಡಿಯೋ ಹಾಗಿದೆ. ಏನಾಗ್ತಿದೆ ಕೆಳಗೆ?"

"ವಯಸ್ಸಾಯ್ತಲ್ಲಮ್ಮ, ಕೈ ಓಡುತ್ತೆ" ಎಂದು ಅಕ್ಕ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಪಕ್ಕದಲ್ಲಿ ಗಂಡ ತಲೆ ತಗ್ಗಿಸಿ ಟ್ರಂಪೆಟ್ ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

"ಸರಿ. ಮೊದಲ ಪ್ರದರ್ಶನ ನೋಡ್ತೀನಿ. ಅವತ್ತೂ ಓಡಿದ್ರೆ ಮಾರನೇ ದಿನದಿಂದ ಎಲ್ಲರ ಕಿವಿಗೂ ಯಂತ್ರ."

ಯಂತ್ರವೆಂದರೆ ಕಿವಿಯೊಳಗೆ ಕೂರುವ, ತಾಳ ಟಿಕ್ಕೆನ್ನಿಸುವ ಪುಟ್ಟ ಗುಂಡು. ಅದಕ್ಕೆ ಯಾರ ಉಸಿರಿನ ಹಂಗೂ ಇಲ್ಲ. ಅಂದರೆ ಇವತ್ತು ಸರಿಯಾದ ವೇಗದಲ್ಲಿ ಹೊಡೆದರೆ ತುಂಬಿದ ಸಭೆಯೆದುರು ಗಂಡನ ಸ್ವರ ಹರಿಯುತ್ತದೆ. ಓಡಿಸಿ ಹೊಡೆದರೆ ನಾಳೆ ಯಂತ್ರ ಬಂದು ಹರಿಯುತ್ತದೆ. ಸ್ವರ ಹರಿದರೆ ಪಾತ್ರ ಕೈತಪ್ಪುತ್ತದೆ, ಪಾತ್ರ ಹೋದರೆ ಮನುಷ್ಯ ಮತ್ತೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಅತ್ತ ದರಿ, ಇತ್ತ ಪುಲಿ. ನಡುವೆ ಕಾಲುಚೀಲ ಸುತ್ತಿದ ಒಂದು ಕೊಡತಿ.

ಮಧ್ಯಾಹ್ನ ಬಣ್ಣದ ಕೋಣೆಯಲ್ಲಿ ಅಕ್ಕ ಗಂಡನ ಕೋಟಿನ ಗುಂಡಿ ಹಾಕುತ್ತಿದ್ದಾರೆ.

"ಊಟ ಮಾಡಿದ್ಯಾ?" ಎಂದು ಅವರು ಕೇಳುತ್ತಾರೆ.

"ನೀವು ಮಾಡಿದ್ರಾ?"

"ಹೊಟ್ಟೆ ತುಂಬಿದ್ರೆ ಉಸಿರು ನಿಲ್ಲಲ್ಲ."

ಆಡಬಾರದ ಪದ ಬಾಯಿಂದ ಬಿದ್ದುಹೋಯಿತು. ಕಡೆಯ ಗುಂಡಿ ಹಾಕಿ ಮುಗಿದ ಮೇಲೆ ಅವರೇ ಹೇಳುತ್ತಾರೆ, "ಇವತ್ತು ಸರಿಯಾಗಿ ಹೊಡಿ ಕಣೇ."

"ಯಾವಾಗ ತಪ್ಪಾಗಿ ಹೊಡ್ದಿದ್ದೀನಿ?" ಎಂದು ಅಕ್ಕ ಸಿಡುಕುತ್ತಾರೆ. ಅವರು ಹೆಂಡತಿಯ ಮುಖ ಒಂದು ಸಲ ನೋಡಿ, ಟ್ರಂಪೆಟ್ ಎತ್ತಿಕೊಂಡು ಹೊರಡುತ್ತಾರೆ.

ಸಂಜೆ. ಅಕ್ಕ ಸ್ಟೂಲಿನ ಮೇಲಿದ್ದಾರೆ. ತಲೆಯ ಮೇಲೆ ಇಪ್ಪತ್ತೆರಡು ಪಾದಗಳು, ಒಂದೊಂದರ ಗುರುತೂ ಅಕ್ಕನಿಗಿದೆ. ಧಡಧಡ ಎನ್ನುವುದು ಅಡುಗೆಯವನದು, ಗುಬ್ಬಿಯ ಹಾಗೆ ಕುಪ್ಪಳಿಸುವುದು ಕ್ಲಾರಿನೆಟ್ ಹುಡುಗಿಯದು, ಬಲಗಾಲು ಚೂರು ಎಳೆಯುವುದು ಗಂಡನದು. ಡ್ರಮ್ಮಿನ ಬಿರುಗಾಳಿ ಏರುತ್ತದೆ. ಯಾರೋ "ದೀಪ! ದೀಪ!" ಎಂದು ಕೂಗುತ್ತಾರೆ. ಹಲಗೆಯ ಸಂದಿಯಿಂದ ಬೀಳುತ್ತಿದ್ದ ಬೆಳಕಿನ ಗೆರೆಗಳೆಲ್ಲ ಒಮ್ಮೆಗೇ ಅಳಿಸಿಹೋಗುತ್ತವೆ. ಸಭೆಯಲ್ಲಿ ಒಂದು ಕೆಮ್ಮು ಕೂಡ ಇಲ್ಲ.

ಅಷ್ಟರಲ್ಲಿ ಅಕ್ಕ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಾಳೆಯದು ನಾಳೆಗೆ. ಇವತ್ತೊಂದು ದಿನ ಮನುಷ್ಯ ಗೆದ್ದರೆ ಸಾಕು, ಕೆಟ್ಟ ಹೆಸರು ತನಗೇ ಇರಲಿ. ತಾಳ ತೋರಿಸುವ ಎರಡು ಪೆಟ್ಟು ಹಾಕುತ್ತಾರೆ, ಓಡುವ ಪೆಟ್ಟು. ಇನ್ನು ಟ್ರಂಪೆಟ್ ಏಳಬೇಕು.

ಏಳುವುದಿಲ್ಲ. ಬದಲಿಗೆ ನೆತ್ತಿಯ ಮೇಲಿನ ಹಲಗೆಯ ಮೇಲೆ ಧಪ್ ಎಂದು ಒಂದು ಹಿಮ್ಮಡಿ ಬೀಳುತ್ತದೆ. ಧೂಳು ಉದುರಿ ಅಕ್ಕನ ಕಣ್ಣಿಗೆ ಬೀಳುತ್ತದೆ. ಮತ್ತೊಂದು ಧಪ್. ಎರಡರ ನಡುವೆ ಹಳೆಯ ಬಿಡುವು, ನಲವತ್ತು ವರ್ಷದ ಹಿಂದಿನ ನಿಧಾನ. ಬಲಗಾಲಿನ ಹಿಮ್ಮಡಿ. ತಪ್ಪಿ ಬಿದ್ದದ್ದಲ್ಲ, ಬೇಕೆಂದೇ ಹಾಕಿದ್ದು.

"ಮೈಯೆಲ್ಲಾ ಉರಿದುಹೋಯ್ತು ನನಗೆ," ಎನ್ನುತ್ತಾರೆ. "ಎಲ್ಲಾ ಗೊತ್ತಿತ್ತು ಅವರಿಗೆ! ಮೊದಲಿಂದ್ಲೂ ಗೊತ್ತಿತ್ತು. ಸಾಯೋಕೆ ಹೊರಟಿದ್ದಾರಾ ಈ ಮನುಷ್ಯ ಅಂತ ಸಿಟ್ಟು ಬಂತು, ಅಳೂನೂ ಬಂತು."

ಉಳಿದ ಹತ್ತು ಜನ ಕತ್ತಲಲ್ಲಿ ಅಂಗಾಲು ಊರಿ ಕಾಯುತ್ತಿದ್ದಾರೆ. ಅಕ್ಕ ಹಲ್ಲು ಕಚ್ಚಿ, ಗಂಡ ಕೇಳಿದ ವೇಗಕ್ಕೇ ಕೊಡತಿ ಎತ್ತುತ್ತಾರೆ. ಪೆಟ್ಟು. ಟ್ರಂಪೆಟ್ ಏಳುತ್ತದೆ. ಎರಡು, ಮೂರು, ನಾಲ್ಕು. ಸ್ವರ ದುಂಡಗಿದೆ. ಐದಕ್ಕೆ ಸಣ್ಣಗಾಗುತ್ತದೆ. ಕೈ ಓಡಲು ಹವಣಿಸುತ್ತದೆ, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಾರೆ. ಆರು. ಸ್ವರ ನಿಂತುಹೋಗುತ್ತದೆ.

ಏಳನೆಯ ಪೆಟ್ಟನ್ನು ಅಕ್ಕ ಬರಿಯ ಮೌನದ ಮೇಲೆ ಹಾಕುತ್ತಾರೆ. ಆ ಮೌನದಲ್ಲಿ ಮೇಲಿಂದ ಒಂದು ಉಸಿರು ಕೇಳುತ್ತದೆ. ಕದ್ದು ಎಳೆದುಕೊಂಡ ಉಸಿರಲ್ಲ. ಬಾಯ್ತೆರೆದು, ಎದೆ ತುಂಬ, ಕಡೆಯ ಸಾಲಿನವರಿಗೂ ಕೇಳುವ ಹಾಗೆ ಮುದುಕನೊಬ್ಬ ಎಳೆದುಕೊಂಡ ಉಸಿರು. ಎಂಟನೆಯ ಪೆಟ್ಟಿಗೆ ಅದೇ ಸ್ವರ ಮತ್ತೆ ಏಳುತ್ತದೆ, ಮೊದಲಿಗಿಂತ ಜೋರಾಗಿ. ಒಂಬತ್ತಕ್ಕೆ ಎಲ್ಲರೂ ಸೇರಿಕೊಳ್ಳುತ್ತಾರೆ. ಕ್ಲಾರಿನೆಟ್ಟಿನ ಬೆರಳು ಗಂಟು ಬೀಳುವುದಿಲ್ಲ.

ನಾಟಕ ಮುಗಿದ ಮೇಲೆ ನಿರ್ದೇಶಕಿ ಮೊದಲ ಸಲ ವೇದಿಕೆಯ ಕೆಳಗೆ ಬರುತ್ತಾರೆ. ಬಂದವರೇ ತೊಲೆಗೆ ಹಣೆ ಬಡಿಸಿಕೊಳ್ಳುತ್ತಾರೆ.

"ಇವತ್ತು ಓಡಲಿಲ್ಲ," ಎನ್ನುತ್ತಾರೆ, ಹಣೆ ತಿಕ್ಕಿಕೊಳ್ಳುತ್ತಾ.

"ಇಲ್ಲ."

"ಆ ಉಸಿರು ನಾಟಕದಲ್ಲಿರಲಿಲ್ಲ."

"ಇರಲಿಲ್ಲಮ್ಮ."

ನಿರ್ದೇಶಕಿ, "ಇರಲಿ. ಬಿರುಗಾಳಿಯಲ್ಲಿ ಮುದುಕ ಉಸಿರು ಎಳ್ಕೊಳ್ಳಲ್ವಾ?" ಎನ್ನುತ್ತಾರೆ. ಆಮೇಲೆ, "ಒಂದು ವಾರ ನೋಡೋಣ. ಇನ್ನೊಬ್ಬ ಟ್ರಂಪೆಟ್ಟಿನವರು ಸಿದ್ಧವಾಗಿರ್ಲಿ" ಎಂದೂ ಸೇರಿಸುತ್ತಾರೆ. ಗಂಡನಿಗೆ ಆ ಮಾತು ತಿಳಿಸಿದಾಗ ಅವರು, "ನ್ಯಾಯವೇ" ಎಂದಷ್ಟೇ ಹೇಳಿದರು. ಯಂತ್ರದ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ.

ಮನೆಯ ದಾರಿಯಲ್ಲಿ ಅಕ್ಕ ಬಾಯಿಗೆ ಬಂದ ಹಾಗೆ ಬೈದರಂತೆ. "ಮುಂಚೆನೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಎಂದರೆ, ಅವರು, "ನೀನು ಹೇಳಿದ್ಯಾ?" ಎಂದರಂತೆ. ಅಲ್ಲಿಗೆ ಜಗಳ ಮುಗಿಯಿತು.

ಮಾರನೆಯ ಬೆಳಗ್ಗೆ ಅಕ್ಕ ಮತ್ತೆ ಹಲಗೆಯ ನೆಗಡಿ ವಿಚಾರಿಸುತ್ತಾ ಕೆಳಗೆ ಕುಳಿತಿದ್ದಾರೆ. ಗೋಡೆಗೆ ಹಚ್ಚಿದ ಪೋಸ್ಟರಿನಲ್ಲಿ ಬೆಳಕಿನವರ ಹೆಸರಿದೆ, ಬಣ್ಣದವರ ಹೆಸರಿದೆ, ಇವರದಿಲ್ಲ. ಬೇಸರವಿಲ್ಲವೇ ಎಂದರೆ ಕೈ ಬೀಸಿ ತಳ್ಳಿಹಾಕುತ್ತಾರೆ. ಏನಾದರೂ ಆಸೆ ಇರಬೇಕಲ್ಲ?

"ಒಂದಿದೆ," ಎಂದು ಕೂದಲಲ್ಲಿ ಇನ್ನೂ ಉಳಿದ ಧೂಳು ಕೊಡವಿಕೊಳ್ಳುತ್ತಾರೆ. "ಇಲ್ಲಿ ನನ್ನ ತಲೆ ಮೇಲೆ ಒಂದು ಬಟ್ಟೆ ಕಟ್ಟಿಕೊಡಿ ಅಂತ ಕೇಳಿದ್ದೀನಿ. ಇಷ್ಟು ವರ್ಷ ಬೇಕಾಗಿರಲಿಲ್ಲ. ಇನ್ಮೇಲೆ ಮೇಲಿಂದಾನೂ ಪೆಟ್ಟು ಬೀಳುತ್ತಲ್ಲ."